ಹಳೆ ಲ್ಯಾಪ್‌ಟಾಪ್, ಆಕಾಶದ ಫೋಟೋ: ಯಾವ ಓಎಸ್ ಹಾಕೋದು?

ಸರ್, ನಿಮ್ಮ ಹತ್ತಿರ ಇರುವುದು ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 24 ಮೆಗಾಪಿಕ್ಸೆಲ್ ಕ್ಯಾನನ್ ಕ್ಯಾಮೆರಾ, ಒಂದು ಗೋಟು ಮೌಂಟ್ (ಹೇಳಿದ ಕಡೆಗೆ ಟೆಲಿಸ್ಕೋಪನ್ನು ತಾನೇ ತಿರುಗಿಸುವ ಮೋಟಾರ್ ಸ್ಟ್ಯಾಂಡ್). ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್‌ಗೆ ಮುಗಿಯಿತು, 11 ಈ ಮಷೀನಿಗೆ ಆಗಿಬರುವುದಿಲ್ಲ. ಹೊಸದು ತಗೊಳ್ಳಲಾ ಅಂತ ಕೇಳಿದ್ದೀರಿ.

ಬೇಡ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಓಎಸ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಪುಕ್ಕಟೆ, ಹಗುರ. ಉಳಿದ ದುಡ್ಡಲ್ಲಿ ಎಸ್‌ಎಸ್‌ಡಿ (ವೇಗದ ಡಿಸ್ಕ್) ತಗೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಮಾತ್ರ ಮೊದಲೇ ಗೊತ್ತಿರಲಿ. ಆಕಾಶದ ಫೋಟೋ ತೆಗೆಯಲು ಬಳಸುವ ನೀನಾ, ಶಾರ್ಪ್‌ಕ್ಯಾಪ್ ಸಾಫ್ಟ್‌ವೇರ್‌ಗಳು ಎರಡೂ ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಅವುಗಳ ಜಾಗಕ್ಕೆ ಕೆಸ್ಟಾರ್ಸ್ ಬರುತ್ತದೆ. ಅದರೊಳಗಿನ ಇಕೋಸ್ ಎಂಬ ಭಾಗ ಫೋಕಸ್, ಗೈಡಿಂಗ್ (ನಕ್ಷತ್ರ ಜಾರದಂತೆ ಹಿಂಬಾಲಿಸುವುದು), ಪ್ಲೇಟ್ ಸಾಲ್ವಿಂಗ್ (ಫೋಟೋ ನೋಡಿ ಟೆಲಿಸ್ಕೋಪ್ ಎಲ್ಲಿಗೆ ತಿರುಗಿದೆ ಅಂತ ಕಂಡುಹಿಡಿಯುವುದು) ಎಲ್ಲ ನೋಡಿಕೊಳ್ಳುತ್ತದೆ. ಮೌಂಟ್, ಕ್ಯಾಮೆರಾಗಳನ್ನು ಸಾಫ್ಟ್‌ವೇರ್‌ಗೆ ಜೋಡಿಸುವ ಕೆಲಸವನ್ನು ವಿಂಡೋಸ್‌ನಲ್ಲಿ ಆಸ್ಕಾಮ್ ಮಾಡಿದರೆ, ಇಲ್ಲಿ ಇಂಡಿ (INDI) ಮಾಡುತ್ತದೆ. ನಿಮ್ಮ ಮೌಂಟ್, ಕ್ಯಾಮೆರಾ ಈ ಇಂಡಿಗೆ ಹೊಂದುವ ಸಾಧನಗಳ ಪಟ್ಟಿಯಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ನನ್ನ ಸಲಹೆ ಮರೆತುಬಿಡಿ.

ಈಗ ನಾನು ಪಟ್ಟ ಪಾಡು. ಮೊದಲ ರಾತ್ರಿ ಗೆಳೆಯರ ತೋಟದಲ್ಲಿ ಎಲ್ಲ ಜೋಡಿಸಿ ಕೂತರೆ ಇಕೋಸ್‌ಗೆ ಕ್ಯಾಮೆರಾ ಸಿಗಲೇ ಇಲ್ಲ. ಕೇಬಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಒಂದು ಗಂಟೆ ಹೋಯಿತು. ಕೊನೆಗೆ ನೋಡಿದರೆ ಡೆಸ್ಕ್‌ಟಾಪ್ ತಾನೇ ಕ್ಯಾಮೆರಾವನ್ನು ಪೆನ್‌ಡ್ರೈವ್ ಥರ ತೆರೆದು ಹಿಡಿದುಕೊಂಡು ಕೂತಿತ್ತು (ಇದಕ್ಕೂ ಮೌಂಟ್ ಅಂತಲೇ ಹೆಸರು)! ಅನ್‌ಮೌಂಟ್ ಮಾಡಿದ ತಕ್ಷಣ ಸಿಕ್ಕಿತು. ಅಷ್ಟರಲ್ಲಿ ಓರಿಯನ್ ಪಶ್ಚಿಮಕ್ಕೆ ವಾಲಿತ್ತು. ಫೈಲ್ ಮ್ಯಾನೇಜರ್ ಸೆಟ್ಟಿಂಗ್‌ನಲ್ಲಿ ಆಟೋ ಮೌಂಟ್ ಆಫ್ ಮಾಡಿಡಿ.

ಮೌಂಟ್‌ನ ಯುಎಸ್‌ಬಿ ಸೀರಿಯಲ್ ಕೇಬಲ್‌ದೂ ಒಂದು ತಕರಾರು ಇದೆ. ಅದರಲ್ಲಿ ಸಿಎಚ್340 ಚಿಪ್ ಇದ್ದರೆ, ಬ್ರೈಲ್ ಡಿಸ್‌ಪ್ಲೇಗೆಂದು ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ಯಾಕೇಜ್ ಕೆಲವು ಸಲ ಪೋರ್ಟನ್ನು ಹಿಡಿದುಕೊಂಡುಬಿಡುತ್ತದೆ. ನಿಮಗೆ ಅದು ಬೇಡವಾದರೆ ತೆಗೆದುಹಾಕಿ. ನಿಮ್ಮ ಯೂಸರ್ ಹೆಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲೌಟ್ ಗ್ರೂಪ್‌ಗೆ ಸೇರಿಸುವುದನ್ನೂ ಮರೆಯಬೇಡಿ.

ತೆಗೆದ ಫೋಟೋಗಳ ಪ್ರೊಸೆಸಿಂಗ್‌ಗೆ ಸಿರಿಲ್ ಎಂಬ ಸಾಫ್ಟ್‌ವೇರ್, ಅದೂ ಪುಕ್ಕಟೆ. ಇಲ್ಲೇ ಎಸ್‌ಎಸ್‌ಡಿ ಬೇಕಾಗುವುದು. ನಿಮ್ಮ ಒಂದು ಫ್ರೇಮ್ (ಒಂದು ಫೋಟೋ) ಕೆಂಪು, ಹಸಿರು, ನೀಲಿ ಬಣ್ಣಗಳಾಗಿ ಬಿಡಿಸಿದ ಮೇಲೆ 32 ಬಿಟ್‌ನಲ್ಲಿ ಸುಮಾರು 288 ಎಂಬಿ ಆಗುತ್ತದೆ. ಸಿರಿಲ್ ಅದನ್ನು ಎರಡು ಸಲ ಡಿಸ್ಕ್‌ಗೆ ಬರೆಯುತ್ತದೆ: ಕ್ಯಾಲಿಬ್ರೇಟ್ ಮಾಡಿದ್ದು (ಕ್ಯಾಮೆರಾದ ದೋಷ ತೆಗೆದದ್ದು) ಒಂದು ಸಲ, ಅಲೈನ್ ಮಾಡಿದ್ದು (ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದ್ದು) ಇನ್ನೊಂದು ಸಲ. 100 ಫ್ರೇಮ್‌ಗೆ 50 ಜಿಬಿ ದಾಟುತ್ತದೆ! ಜಾಗ ಸಾಲದಿದ್ದರೆ 16 ಬಿಟ್‌ಗೆ ಇಳಿಸಿ, ಅರ್ಧ ಆಗುತ್ತದೆ. 8 ಜಿಬಿ ರ‍್ಯಾಮ್‌ನಲ್ಲಿ ಕೆಲಸ ನಿಧಾನ, ಆದರೆ ನಡೆಯುತ್ತದೆ. ಸ್ಟ್ಯಾಕಿಂಗ್‌ಗೆ (ಎಲ್ಲ ಫ್ರೇಮ್ ಸೇರಿಸಿ ಒಂದು ಮಾಡುವುದಕ್ಕೆ) ಬಿಟ್ಟು ಊಟ ಮಾಡಿಬನ್ನಿ.

ಗುರು, ಶನಿಯ ವಿಡಿಯೋ ಮಾಡುವವರ ಮಾತು ಬೇರೆ. ಆ ವಿಡಿಯೋದ ಫ್ರೇಮ್‌ಗಳನ್ನು ಒಂದುಗೂಡಿಸುವ ಆಟೋಸ್ಟ್ಯಾಕರ್ಟ್ ವಿಂಡೋಸ್‌ನದ್ದು. ಹಾಗಾಗಿ ಹಳೆ ವಿಂಡೋಸನ್ನು ಪೂರ್ತಿ ಅಳಿಸಬೇಡಿ, ಪಕ್ಕದ ಪಾರ್ಟಿಷನ್‌ನಲ್ಲಿ ನೆಟ್ ಕೊಡದೆ ಇಟ್ಟುಕೊಳ್ಳಿ.

ಹೇಗೂ ಮಳೆಗಾಲ, ಆಕಾಶ ಕಾಣೋದಿಲ್ಲ ಅಲ್ವಾ? ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಟಚ್‌ಪ್ಯಾಡ್ ನಡೆಯುತ್ತಾ ನೋಡಿ. ಆಮೇಲೆ ಇನ್‌ಸ್ಟಾಲ್ ಮಾಡಿ. ಇಂಡಿಯಲ್ಲಿ ಸುಳ್ಳು ಟೆಲಿಸ್ಕೋಪ್, ಸುಳ್ಳು ಕ್ಯಾಮೆರಾ ಇವೆ, ಸಿಮ್ಯುಲೇಟರ್ ಅಂತ. ಮನೆಯೊಳಗೇ ಕೂತು ಇಕೋಸ್ ಕಲಿಯಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಲಾಗ್‌ನ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ನೋಡೋಣ.