ಮಂಡ್ಯದಿಂದ ಜಕ್ಕೂರಿಗೆ ದಾರಿ ಇದೆ

ನೀವು ಮಂಡ್ಯದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೀರಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಮೆಟೀರಿಯಲ್ಸ್ ಸೈನ್ಸ್ (ವಸ್ತುಗಳ ಗುಣ, ರಚನೆ ಅರಿಯುವ ವಿಜ್ಞಾನ) ಮಾಡಬೇಕು, ಆದರೆ ಅದೆಲ್ಲ ದೊಡ್ಡ ಕಾಲೇಜಿನವರಿಗೇ ಅಲ್ವಾ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಬಿಎಸ್ಸಿ ಮುಗಿಸಿದವರಿಗೆ ಅಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ, ಅಂದರೆ ಎಂಎಸ್ ಮತ್ತು ಪಿಎಚ್‌ಡಿ ಒಟ್ಟಿಗೇ ಮಾಡುವ ಕೋರ್ಸ್ ಇದೆ. ಐಐಟಿಗಳು ನಡೆಸುವ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಆಮೇಲೆ ಇಂಟರ್‌ವ್ಯೂ. ಅಲ್ಲಿ ಕೆದಕುವುದು ಮೂಲ ಪಾಠಗಳನ್ನೇ, ಆದ್ದರಿಂದ ಥರ್ಮೋಡೈನಮಿಕ್ಸ್ ಈಗಲೇ ಗಟ್ಟಿ ಮಾಡಿಕೊಳ್ಳಿ. ಓದುವಾಗಲೇ ಸ್ಟೈಪೆಂಡ್ ಬರುತ್ತದೆ. ಮನೆಯವರಿಗೆ ಇದನ್ನು ಮೊದಲು ಹೇಳಿ!

ಈಗ ಅಲ್ಲಿ ನಡೆಯುತ್ತಿರುವ ಕೆಲಸ ನೋಡಿದರೆ ಆಸೆಯಾಗುತ್ತದೆ. 2025ರಲ್ಲಿ ಅಲ್ಲಿನ ತಂಡವೊಂದು ಆರೇ ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್ ಆಗುವ ಸೋಡಿಯಂ ಅಯಾನ್ ಬ್ಯಾಟರಿ ತೋರಿಸಿತು. 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದಂತೆ. ಬ್ಯಾಟರಿಯೊಳಗಿನ ವಸ್ತುವಿನ ಕಣಗಳನ್ನು ನ್ಯಾನೊ ಗಾತ್ರಕ್ಕೆ ಇಳಿಸಿ, ಮೇಲೆ ಇಂಗಾಲ ಲೇಪಿಸಿದ್ದರಿಂದ ಅಯಾನುಗಳ, ಅಂದರೆ ವಿದ್ಯುದಾವೇಶ ಇರುವ ಕಣಗಳ ಓಡಾಟ ಸಲೀಸಾಯಿತು. ಈಗಿನ ಮೊಬೈಲ್ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ನಿಮ್ಮ ಜಿಲ್ಲೆಯ ಮರ್ಲಗಲ್ಲದಲ್ಲಿ ಇದೆ ಎಂದು ಸುದ್ದಿಯಾಗಿತ್ತಲ್ಲ, ಅಂದಾಜು 1,600 ಟನ್ ಮಾತ್ರ. ಸೋಡಿಯಂ ಹಾಗಲ್ಲ, ಉಪ್ಪಿನಲ್ಲೇ ಇದೆ. ಅದಕ್ಕೇ ಈ ಕೆಲಸಕ್ಕೆ ಇಷ್ಟು ಬೆಲೆ.

ನಮ್ಮ ಭಾಗಕ್ಕೆ ಮೆಟೀರಿಯಲ್ಸ್ ಸೈನ್ಸ್ ಹೊಸದೂ ಅಲ್ಲ. ಟಿವಿ ಪರದೆಗಳಲ್ಲಿ ಬಳಸುವ ದ್ರವ ಹರಳುಗಳ (ಲಿಕ್ವಿಡ್ ಕ್ರಿಸ್ಟಲ್) ಸಂಶೋಧನೆಗೆ ಜಗತ್ತಿನಲ್ಲೇ ಹೆಸರಾದ ಎಸ್. ಚಂದ್ರಶೇಖರ್ 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಕಲಿಸಿದವರು.

ಮೂರನೇ ವರ್ಷದವರೆಗೆ ಸುಮ್ನೆ ಕಾಯಬೇಡಿ. ವಿಜ್ಞಾನ ಅಕಾಡೆಮಿಗಳು ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಈ ವರ್ಷವೇ ಅರ್ಜಿ ಹಾಕಿ. ನಿಮ್ಮನ್ನು ಚೆನ್ನಾಗಿ ಬಲ್ಲ ಮೇಷ್ಟ್ರ ಹತ್ತಿರ ಶಿಫಾರಸು ಪತ್ರ ಕೇಳಿ. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ.