ಶಾಲೆ ಹತ್ತಿರ ಇದ್ದರೆ ಸಾಕಾ? ದಾರಿ ಹೇಗಿದೆ ಅಂತ ಮೊದಲು ನೋಡಿ

ಮಗಳು ಆರನೇ ಕ್ಲಾಸಿಗೆ ಬರುತ್ತಾಳೆ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಿ. ಶಾಲೆಯಿಂದ ಒಂದು ಕಿಲೋಮೀಟರ್ ಒಳಗೆ ಮನೆ ಹಿಡಿದರೆ ಅವಳು ನಡೆದೋ ಸೈಕಲ್‌ನಲ್ಲೋ ಹೋಗಬಹುದಲ್ವಾ ಅಂತ ಕೇಳಿದ್ದೀರಿ.

ದೂರ ಮುಖ್ಯ, ನಿಜ. ಶಿಕ್ಷಣ ಹಕ್ಕು ಕಾಯ್ದೆಯ 2010ರ ಮಾದರಿ ನಿಯಮಗಳಲ್ಲೂ ಐದನೇ ಕ್ಲಾಸಿನವರೆಗೆ 1 ಕಿ.ಮೀ., ಎಂಟರವರೆಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಅಂತಿದೆ. ಆದರೆ ಮಧ್ಯೆ ಒಂದೇ ಒಂದು ದೊಡ್ಡ ರಸ್ತೆ ಅಡ್ಡ ಬಂದರೂ, ಅರ್ಧ ಕಿಲೋಮೀಟರಿಗೂ ನೀವೇ ಗಾಡಿ ತೆಗೆಯುತ್ತೀರಿ. ಮಗನ ಶಾಲೆಗೆ ಅಂತ ಮನೆ ನೋಡುವಾಗ ನಾನು ಎಲ್ಲಕ್ಕಿಂತ ಮೊದಲು ನೋಡಿದ್ದು, ಅವನು ಯಾವ್ಯಾವ ರಸ್ತೆ ದಾಟಬೇಕು ಅನ್ನೋದನ್ನು.

ಹಳೇ ಬಡಾವಣೆಗಳು ಈ ವಿಷಯದಲ್ಲಿ ವಾಸಿ. ಜಯನಗರ, ಮಲ್ಲೇಶ್ವರ, ಬಸವನಗುಡಿಯಲ್ಲಿ ಮೇನು, ಕ್ರಾಸು ಅಂತ ಬೀದಿಗಳು ಒಂದಕ್ಕೊಂದು ಕೂಡಿಕೊಂಡಿವೆ. ಒಂದು ಕ್ರಾಸಿನಲ್ಲಿ ಟ್ರಾಫಿಕ್ ಜಾಸ್ತಿ ಆದರೆ ಮಗು ಪಕ್ಕದ ಕ್ರಾಸು ಹಿಡಿಯಬಹುದು. ಶಾಲೆ, ಪಾರ್ಕು, ಅಂಗಡಿ ಎಲ್ಲ ಮನೆಗಳ ನಡುವೆಯೇ ಇರುವುದರಿಂದ ದಾರಿಯಲ್ಲಿ ಯಾರಾದರೂ ದೊಡ್ಡವರು ಇದ್ದೇ ಇರುತ್ತಾರೆ.

ಊರಾಚೆಯ ದೊಡ್ಡ ಅಪಾರ್ಟ್‌ಮೆಂಟುಗಳ ಕಥೆ ಬೇರೆ. ಬಾಲ್ಕನಿಯಲ್ಲಿ ನಿಂತರೆ ಶಾಲೆ ಕಾಣುತ್ತದೆ, ಆದರೆ ಇರುವುದು ಒಂದೇ ಗೇಟು, ಅದೂ ಸೀದಾ ಮೇನ್ ರೋಡಿಗೆ. ಕಾಂಪೌಂಡು ಸುತ್ತಿಕೊಂಡು, ಲಾರಿ, ಟ್ಯಾಂಕರ್‌ಗಳ ಪಕ್ಕದಲ್ಲೇ ಹೋಗಬೇಕು. ಹಿಂದಿನ ಗೋಡೆಯಲ್ಲಿ ಒಂದು ಚಿಕ್ಕ ಗೇಟು ಇಟ್ಟು, ಬೆಳಿಗ್ಗೆ ಸಂಜೆ ತೆಗೆದರೂ ಎಷ್ಟೋ ಮಕ್ಕಳು ನಡೆದು ಹೋಗುತ್ತಾರೆ. ಅಂಥ ಕಡೆ ಮನೆ ನೋಡುತ್ತಿದ್ದರೆ ಹಿಂದುಗಡೆ ಗೇಟು ಇದೆಯಾ ಅಂತ ಖಂಡಿತ ಕೇಳಿ.

ನೆದರ್‌ಲ್ಯಾಂಡ್ಸಿನ ಹೌಟನ್ ಅನ್ನುವ ಊರನ್ನು ಕಟ್ಟಿರುವುದೇ ಹೀಗೆ ಯೋಚಿಸಿ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಹೊರಗಿನ ರಿಂಗ್ ರೋಡಿಗೆ ಬಂದು ಸುತ್ತಬೇಕು. ಸೈಕಲ್ಲಿಗೆ ಮಾತ್ರ ಊರ ನಡುವಿನಿಂದ ನೇರ ದಾರಿ. ಶಾಲೆಗಳೂ ಆ ಸೈಕಲ್ ದಾರಿಯ ಆಸುಪಾಸಿನಲ್ಲೇ ಇವೆ.

ಇನ್ನು ನಮ್ಮ ಫುಟ್‌ಪಾತ್. ರಸ್ತೆಗಳು ಹೇಗಿರಬೇಕು ಅಂತ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಲೆಕ್ಕದಲ್ಲಿ ಮನೆಗಳಿರುವ ಬೀದಿಯಲ್ಲೂ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಖಾಲಿ ಇರಬೇಕು, ಫುಟ್‌ಪಾತ್ 150 ಮಿ.ಮೀ.ಗಿಂತ ಎತ್ತರ ಇರಬಾರದು. ನಮ್ಮಲ್ಲಿ ಏನಾಗುತ್ತದೆ ನೋಡಿ: ಮೊದಲ ಮನೆಯ ಮುಂದೆ ಕಾರು ಹತ್ತಿಸಲು ಇಳಿಜಾರು, ಎರಡನೆಯದರ ಮುಂದೆ ಟ್ರಾನ್ಸ್‌ಫಾರ್ಮರು, ಆಮೇಲೆ ಮೋರಿ ಮೇಲಿನ ಅಲುಗಾಡುವ ಕಲ್ಲು, ಅದರಾಚೆ ನಿಲ್ಲಿಸಿದ ಬೈಕು. ಬೆನ್ನಿಗೆ ಭಾರದ ಬ್ಯಾಗು ಹಾಕಿಕೊಂಡ ಮಗು ಪ್ರತಿ ಸಲ ಹತ್ತಿ ಇಳಿಯುವ ಬದಲು ರಸ್ತೆಯಲ್ಲೇ ನಡೆಯುತ್ತದೆ. ತಪ್ಪು ಮಗುವಿನದಲ್ಲ, ಅಲ್ವಾ?

ಶಾಲೆಯ ಗೇಟಿನ ಎದುರಿನ ಗಲಾಟೆ ನನಗೆ ಎಲ್ಲಕ್ಕಿಂತ ಬೇಸರದ ವಿಷಯ. ನಡೆದು ಬರುವ ಮಕ್ಕಳಿಗೆ ಅಲ್ಲಿ ಅಪಾಯ ತರುವುದು ಬೇರೆ ಮಕ್ಕಳನ್ನು ಬಿಡಲು ಬಂದ ಕಾರುಗಳೇ. ರಸ್ತೆ ಅಪಾಯ ಅಂತ ಒಬ್ಬರು ಕಾರು ತರುತ್ತಾರೆ, ಅದರಿಂದ ಅಪಾಯ ಇನ್ನೂ ಜಾಸ್ತಿಯಾಗಿ ಮತ್ತೊಬ್ಬರೂ ತರುತ್ತಾರೆ. ಗಾಡಿಗಳನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಅಲ್ಲಿಂದ ಮಕ್ಕಳನ್ನು ನಡೆಸುವ ಶಾಲೆ ಸಿಕ್ಕರೆ ಬಿಡಬೇಡಿ.

ಅಡ್ವಾನ್ಸ್ ಕೊಡುವ ಮುಂಚೆ, ಶಾಲೆ ಇರುವ ದಿನ, ಬೆಳಿಗ್ಗೆ ಮಕ್ಕಳು ಹೊರಡುವ ಹೊತ್ತಿಗೆ ಮಗಳ ಜೊತೆ ಆ ದಾರಿಯಲ್ಲಿ ನಡೆಯಿರಿ. ಅವಳೇ ಮುಂದೆ ಹೋಗಲಿ. ಎಲ್ಲಿ ನಿಮ್ಮ ಕೈ ತಾನಾಗೇ ಅವಳ ಕೈ ಹಿಡಿಯುತ್ತದೋ, ಆ ಜಾಗ ಗುರುತಿಟ್ಟುಕೊಳ್ಳಿ. ಅಂಥ ಜಾಗ ಒಂದೇ ಇದ್ದರೆ, ಅಲ್ಲಿಯವರೆಗೆ ನೀವು ಜೊತೆಗೆ ಹೋಗಿ ದಾಟಿಸಿ ಬರಬಹುದು. ಹೆಜ್ಜೆಹೆಜ್ಜೆಗೂ ಇದ್ದರೆ ಬೇರೆ ಮನೆ ನೋಡಿ.

ಸೈಕಲ್ಲಿಗೆ ಒಳಗಿನ ಕ್ರಾಸುಗಳು ಪರವಾಗಿಲ್ಲ. ಮೇನ್ ರೋಡಿನ ಅಂಚಿಗೆ ಸುಮ್ನೆ ಗೆರೆ ಎಳೆದು ಸೈಕಲ್ ಲೇನ್ ಅಂದಿದ್ದರೆ ಅದನ್ನು ನಂಬಿ ಆರನೇ ಕ್ಲಾಸಿನ ಮಗುವನ್ನು ಕಳಿಸಬೇಡಿ. ಗಾಡಿಗಳು ಅಲ್ಲೇ ನಿಂತಿರುತ್ತವೆ, ಅವನ್ನು ಸುತ್ತಿಕೊಂಡು ಹೋಗಲು ಮಗು ನಡುರಸ್ತೆಗೇ ಬರಬೇಕಾಗುತ್ತದೆ.