ಪೆಟ್ರೋಲ್, ಡೀಸೆಲ್ ಅನ್ನು ಜಿಎಸ್‌ಟಿಗೆ ಇನ್ನೂ ಯಾಕೆ ಸೇರಿಸಿಲ್ಲ?

ರಾಜ್ಯಗಳಿಗೆ ಇಷ್ಟವಿಲ್ಲ, ಅದಕ್ಕೇ. ಕೇಂದ್ರಕ್ಕೂ ಅಂಥ ಅವಸರವೇನಿಲ್ಲ ಬಿಡಿ, ಅದರ ಅಬಕಾರಿ ಸುಂಕವೂ (ತಯಾರಿಕೆಯ ಮೇಲೆ ಕೇಂದ್ರ ಹಾಕುವ ತೆರಿಗೆ) ಪೆಟ್ರೋಲ್, ಡೀಸೆಲ್‌ನಿಂದ ಬರುತ್ತದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ಇಡಬಹುದಾದ ದೊಡ್ಡ ತೆರಿಗೆಗಳು ಕೆಲವೇ ಉಳಿದವು: ಇಂಧನ, ಮದ್ಯ, ಆಸ್ತಿ ನೋಂದಣಿ, ವಾಹನ. ಖಜಾನೆಗೆ ದುಡ್ಡು ಸಾಲದಿದ್ದರೆ ಇವನ್ನು ರಾತ್ರೋರಾತ್ರಿ ಏರಿಸಬಹುದು. 2024ರ ಜೂನ್‌ನಲ್ಲಿ ಕರ್ನಾಟಕ ಮಾಡಿದ್ದೂ ಅದನ್ನೇ. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ 25.92%ರಿಂದ 29.84%ಕ್ಕೆ ಏರಿತು, ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿಯಾಯಿತು.

ಜಿಎಸ್‌ಟಿಯಲ್ಲಿದ್ದರೆ ಒಂದು ರಾಜ್ಯ ಹೀಗೆ ಒಬ್ಬಂಟಿಯಾಗಿ ದರ ಬದಲಿಸಲು ಆಗುವುದಿಲ್ಲ. ಕೇಂದ್ರ, ರಾಜ್ಯಗಳ ಮಂತ್ರಿಗಳಿರುವ ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನವಾಗಬೇಕು. ಸಂವಿಧಾನದಲ್ಲಿ ದಾರಿಯೇನೋ ಇದೆ: ಮಂಡಳಿ ಶಿಫಾರಸು ಮಾಡಿದ ದಿನದಿಂದ ಇಂಧನವನ್ನೂ ಸೇರಿಸಬಹುದು. ಆ ದಿನ ಯಾವುದೆಂದು ಮಂಡಳಿ ಇನ್ನೂ ಹೇಳಿಲ್ಲ.